ಪಾಲುಪಟ್ಟಿ

ಪಾರ್ಟಿಷನ್ ಎಂಬ ಶಬ್ದವು ನನ್ನ ಕಿವಿಗೆ ಮೊದಲು ಬಿದ್ದದ್ದು ಗಣಕಯಂತ್ರದ ಎದುರಿನಲ್ಲಿ ಅಲ್ಲ; ನಮ್ಮ ಊರಿನ ತೊಟ್ಟಿಮನೆಯಲ್ಲಿ, ಅಜ್ಜನ ವರ್ಷಾಬ್ದಿಕ ಕಳೆದ ಮಾರನೆಯ ವಾರ, ತಂದೆಯವರೂ ಚಿಕ್ಕಪ್ಪನವರೂ ನಡುಮನೆಯ ಚಾಪೆಯ ಮೇಲೆ ಎದುರುಬದುರಾಗಿ ಕುಳಿತು, ನಾಲ್ವರು ಹಿರಿಯರ ಸಮಕ್ಷಮದಲ್ಲಿ ಗದ್ದೆ ತೋಟ ಪಾತ್ರೆ ಪದಾರ್ಥಗಳನ್ನು ಒಂದೊಂದಾಗಿ ಹೆಸರಿಸುತ್ತ ಪಾಲುಪಟ್ಟಿಯನ್ನು ಬರೆಸುತ್ತಿದ್ದ ದಿವಸ. "ಅವರದು ಪಾರ್ಟಿಷನ್ ಆಗ್ತಾ ಇದೆ" ಎಂದು ಜಗಲಿಯಲ್ಲಿ ಕುಳಿತ ಯಾರೋ ಇನ್ನೊಬ್ಬರಿಗೆ ಹೇಳಿದರು. ಒಳಗೆ ಕಾಯಿಲೆಯವರು ಮಲಗಿರುವಾಗ ಹೊರಗಿನವರು ಆಡುವ ತಗ್ಗು ದನಿ ಅದು. ಮುಂದಿನ ಬೇಸಿಗೆಯ ರಜೆಗೆ ನಾನು ಊರಿಗೆ ಹೋಗುವ ವೇಳೆಗೆ, ಮಳೆಯ ನೀರು ಬೀಳುತ್ತಿದ್ದ ತೊಟ್ಟಿಯ ನಟ್ಟನಡುವೆ ಆಳೆತ್ತರದ ಇಟ್ಟಿಗೆಯ ಗೋಡೆ ಎದ್ದಿತ್ತು. ಅಡಿಗೆಮನೆ ಆ ಕಡೆಗೂ ದೇವರಮನೆ ಈ ಕಡೆಗೂ ಆಗಿದ್ದವು. ಅಜ್ಜನು 1950ರ ವಿಕೃತಿ ಸಂವತ್ಸರದಿಂದ 1980ರ ರೌದ್ರಿಯವರೆಗೆ, ಸಂವತ್ಸರಕ್ಕೊಂದರಂತೆ ಬರೆದಿಟ್ಟ 31 ರೋಕಡ ಪುಸ್ತಕಗಳೂ ಅಂದೇ ಪಾಲಾಗಿದ್ದವು. ಅವುಗಳಿಗೆ ಬೆಲೆಯಿಲ್ಲವೆಂದು ಯಾರೂ ಕ್ರಮವನ್ನು ನೋಡದೆ, ಕೈಗೆ ಬಂದಂತೆ ಎರಡು ರಾಶಿ ಮಾಡಿದ್ದರು. ನಮಗೆ 17, ಅವರಿಗೆ 14. ವಿಜಯ ನಮ್ಮ ಕಡೆಗೆ ಬಂದರೆ ಅದರ ಮುಂದಿನ ಜಯ ಗೋಡೆಯ ಆಚೆಗೆ ಹೋಯಿತು.

ಈ ಕಾರಣದಿಂದಲೇ ಇರಬೇಕು, ಬಹುಕಾಲದ ತರುವಾಯ, ಆ 17 ಪುಸ್ತಕಗಳನ್ನು ಗೆದ್ದಲಿಗೆ ಬಿಟ್ಟುಕೊಡದೆ ಸ್ಕ್ಯಾನ್ ಮಾಡಿ ಉಳಿಸಿಕೊಳ್ಳಬೇಕೆಂದು ಸಂಕಲ್ಪಿಸಿ, ಒಂದು ಟೆರಾಬೈಟಿನ ಹೊಸ ಡಿಸ್ಕನ್ನು ತಂದು ಅದರಲ್ಲಿ ಲಿನಕ್ಸನ್ನು ಸ್ಥಾಪಿಸಲು ಕುಳಿತವನಿಗೆ, ನಡುವೆ ಪರದೆಯ ಮೇಲೆ ಮೂಡಿದ ಪ್ರಶ್ನೆಯು, ಡಿಸ್ಕನ್ನು ಇಡಿಯಾಗಿ ಉಪಯೋಗಿಸೋಣವೋ ಅಥವಾ ನೀವೇ ಪಾರ್ಟಿಷನ್ ಮಾಡುವಿರೋ ಎಂಬ ಆ ಪ್ರಶ್ನೆಯು, ಕೇವಲ ಯಂತ್ರಕ್ಕೆ ಸಂಬಂಧಿಸಿದ್ದಾಗಿ ತೋರಲಿಲ್ಲ. ಇಡಿಯಾಗಿ ಎಂಬುದನ್ನೇ ಒತ್ತಿಬಿಡೆಂದು ಮನಸ್ಸು ಹೇಳಿತು. ಆದರೆ ಪಾಲು ಮಾಡುವುದೆಂದರೆ ಇಲ್ಲಿ ಏನು ಅರ್ಥವೆಂಬುದನ್ನು ತಿಳಿಯದೆ ಉತ್ತರ ಕೊಡಬಾರದೆನಿಸಿತು. ಅಂದು ಏನನ್ನೂ ಒತ್ತದೆ ಯಂತ್ರವನ್ನು ಆರಿಸಿ, ಒಂದು ವಾರ ಓದಿದೆನು. ಆ ವಾರದಲ್ಲಿ ಹುಟ್ಟಿದ ಆಸಕ್ತಿ ಇಂದಿಗೂ ತಣಿದಿಲ್ಲ.

ಡಿಸ್ಕು ತನ್ನಷ್ಟಕ್ಕೆ ತಾನು ಒಂದು ಬಯಲು. ಅಲ್ಲಿ ಕಡತವಿಲ್ಲ, ಹೆಸರಿಲ್ಲ, ಒಳಗು ಹೊರಗುಗಳಿಲ್ಲ. ಒಂದರ ಪಕ್ಕದಲ್ಲೊಂದು ಅಂಕಿ ಹಚ್ಚಿ ನಿಲ್ಲಿಸಿದ ಸಮಾನ ಗಾತ್ರದ ಕೋಟ್ಯಂತರ ಖಾನೆಗಳು ಮಾತ್ರ. ಒಂದೊಂದು ಖಾನೆಗೆ 512 ಬೈಟಿನ ಅಳತೆ ಬಹುಕಾಲ ರೂಢಿಯಲ್ಲಿತ್ತು. ಈ ಬಯಲಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಯಾವ ಪಾಲು ಎಂಬುದನ್ನು ದಾಖಲಿಸಿದ ಪತ್ರಕ್ಕೆ ಇಂಗ್ಲಿಷಿನವರು ಪಾರ್ಟಿಷನ್ ಟೇಬಲ್ ಎನ್ನುತ್ತಾರೆ. ನಮ್ಮ ಹಿರಿಯರ ಬಾಯಲ್ಲಿದ್ದ ಪಾಲುಪಟ್ಟಿ ಎಂಬ ಮಾತು ಅದಕ್ಕೆ ಒಂದಕ್ಷರವನ್ನೂ ಬದಲಾಯಿಸದೆ ಒಪ್ಪುತ್ತದೆ. 1983ರಲ್ಲಿ ಐಬಿಎಂ ಯಂತ್ರಗಳ ಡಾಸ್ ಎರಡನೆಯ ಆವೃತ್ತಿಯೊಡನೆ ಬಂದ ಹಳೆಯ ಕ್ರಮದಲ್ಲಿ, ಡಿಸ್ಕಿನ ಮೊಟ್ಟಮೊದಲ ಖಾನೆಯ 512 ಬೈಟುಗಳ ಪೈಕಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಆದೇಶಗಳಿಗೂ ಕಡೆಯ 2 ಮುದ್ರೆಗೂ ಸಲ್ಲುತ್ತಿದ್ದವು; ನಡುವೆ ಉಳಿದ 64 ಬೈಟುಗಳಲ್ಲಿ, ಪಾಲೊಂದಕ್ಕೆ 16ರಂತೆ, ನಾಲ್ಕೇ ಪಾಲುಗಳಿಗೆ ಸ್ಥಳ. ಐದನೆಯದು ಬೇಕಾದವರು ನಾಲ್ಕರಲ್ಲಿ ಒಂದನ್ನು ವಿಸ್ತೃತ ಪಾಲೆಂದು ಕರೆದು ಅದರೊಳಗೆ ಉಪಪಾಲುಗಳನ್ನು ಮಾಡಿಕೊಳ್ಳಬೇಕಾಗಿತ್ತು. ಖಾನೆಯ ಅಂಕಿಯನ್ನು 32 ಬಿಟ್ಟುಗಳಲ್ಲಿ ಬರೆಯುತ್ತಿದ್ದುದರಿಂದ ಎರಡು ಟೆರಾಬೈಟಿನ ಆಚೆಗೆ ಈ ಪಟ್ಟಿಯ ಲೆಕ್ಕ ಮುಟ್ಟುತ್ತಿರಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು, ಇಡೀ ಡಿಸ್ಕಿನ ಎಲ್ಲೆಕಟ್ಟುಗಳನ್ನು ಹೇಳುವ ಆ ಪತ್ರ ಆದಿಯ ಒಂದೇ ಖಾನೆಯಲ್ಲಿ ಒಂದೇ ಪ್ರತಿಯಾಗಿ ಇತ್ತೆಂಬ ಸಂಗತಿ. ಜಿಪಿಟಿ ಎಂಬ ಈಗಿನ ಕ್ರಮವು ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಗೊಟ್ಟು, ಪಟ್ಟಿಯ ಒಂದು ಪ್ರತಿಯನ್ನು ಡಿಸ್ಕಿನ ತಲೆಯಲ್ಲಿಯೂ ಇನ್ನೊಂದನ್ನು ಅದರ ಕಟ್ಟಕಡೆಯಲ್ಲಿಯೂ ಇಟ್ಟು, ಎರಡಕ್ಕೂ ತಾಳೆ ನೋಡುವ ಸಂಖ್ಯೆಯನ್ನು ಬರೆದಿಡುತ್ತದೆ. ನಮ್ಮ ಮನೆಯ ಪಟ್ಟಿಯನ್ನೂ ಹಿರಿಯರು ಎರಡು ಪ್ರತಿ ಮಾಡಿಸಿ, ಗೋಡೆಯ ಈ ಕಡೆಯ ಪೆಟ್ಟಿಗೆಯಲ್ಲೊಂದು, ಆ ಕಡೆಯ ಪೆಟ್ಟಿಗೆಯಲ್ಲೊಂದು ಇಡಿಸಿದ್ದರು.

ಆದರೆ ಪಾಲು ಮಾಡುವುದು ಅರ್ಧ ಕತೆ. ನನ್ನ ಅಂಜಿಕೆಯನ್ನು ಕಳೆದದ್ದು ಉಳಿದರ್ಧ. ನಮ್ಮಲ್ಲಿ ಬಹುಮಂದಿ ಮೊದಲು ಕೈಯಾಡಿಸಿದ ವಿಂಡೋಸ್ ಯಂತ್ರಗಳ ರೂಢಿಯಂತೆ, ಪಾಲು ಏರ್ಪಟ್ಟ ಕೂಡಲೆ ಅದಕ್ಕೆ ಸಿ ಎಂದೋ ಡಿ ಎಂದೋ ಒಂದು ಅಕ್ಷರ ದೊರೆತು, ಒಂದೊಂದು ಅಕ್ಷರವೂ ಬೇರೆ ಬಾಗಿಲಿನ ಬೇರೆ ಮನೆಯಾಗಿ ನಿಲ್ಲುತ್ತದೆ. ಲಿನಕ್ಸಿನಲ್ಲಿ ಪಾಲುಗಳು ಎಷ್ಟೇ ಇರಲಿ, ಡಿಸ್ಕುಗಳೇ ಹತ್ತು ಇರಲಿ, ಹೆಬ್ಬಾಗಿಲು ಒಂದೇ. ಬರಿಯ ಒಂದು ಓರೆಗೆರೆಯಿಂದ ಸೂಚಿಸುವ ಆ ಮೂಲಕ್ಕೆ ರೂಟ್, ಅಂದರೆ ಬೇರು, ಎಂದು ಹೆಸರು. ಅದರಿಂದ ಡೈರೆಕ್ಟರಿಗಳು ಕೊಂಬೆಗಳಂತೆ ಕೆಳಮುಖವಾಗಿ ಹರಡಿಕೊಳ್ಳುತ್ತವೆ. ಬೇರು ಮೇಲಿದ್ದು ಕೊಂಬೆ ಕೆಳಗಿರುವ ಈ ಚಿತ್ರ ನನಗೆ ಹೊಸದಾಗಿ ಕಾಣಲಿಲ್ಲ. ಪಾಲುಪಟ್ಟಿಗೆ ಲಗತ್ತಿಸುವುದಕ್ಕೆಂದು ಗ್ರಾಮಲೆಕ್ಕಿಗರಿಂದ ಬರೆಸಿದ್ದ ನಮ್ಮ ವಂಶವೃಕ್ಷದಲ್ಲಿಯೂ ಮುತ್ತಜ್ಜನ ಹೆಸರು ಹಾಳೆಯ ನೆತ್ತಿಯಲ್ಲಿತ್ತು, ನಾವು ಮೊಮ್ಮಕ್ಕಳು ತಳದಂಚಿನಲ್ಲಿದ್ದೆವು. ಬೇರೊಂದು ಪಾಲನ್ನು ಉಪಯೋಗಿಸಬೇಕಾದಾಗ ಅದನ್ನು ಈ ಮರದಲ್ಲಿ ಮೊದಲೇ ಇರುವ ಒಂದು ಡೈರೆಕ್ಟರಿಯ ಮೇಲೆ ತಂದು ಕೂರಿಸುತ್ತಾರೆ. ಅಲ್ಲಿಂದ ಮುಂದೆ ಆ ಡೈರೆಕ್ಟರಿಯನ್ನು ಹೊಕ್ಕವನು, ತನಗೆ ಅರಿವಾಗದಂತೆ, ಹೊಸ್ತಿಲು ದಾಟಿ ಇನ್ನೊಂದು ಡಿಸ್ಕಿನ ನೆಲವನ್ನು ಮೆಟ್ಟಿರುತ್ತಾನೆ. ಹೀಗೆ ಕೂರಿಸುವ ಕ್ರಿಯೆಗೆ ಮೌಂಟ್ ಎಂದು ಹೆಸರು.

ಆ ಹೆಸರು ಬಂದ ಕಾಲದಲ್ಲಿ ಅದು ಮೈಬಗ್ಗಿಸಿ ಮಾಡುವ ಕೆಲಸವಾಗಿತ್ತು. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ್ರೆ ಹಿಲ್‌ನಲ್ಲಿರುವ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟುತ್ತಿದ್ದ ದಿನಗಳಲ್ಲಿ, ಡಿಸ್ಕೆಂಬುದು ಎರಡು ಕೈಗಳಿಂದ ಎತ್ತಿ ಯಂತ್ರದೊಳಕ್ಕೆ ಇಳಿಸಿ ಕೂರಿಸತಕ್ಕ ವಸ್ತು. ಇವರಿಬ್ಬರೂ 1974ರಲ್ಲಿ ಪ್ರಕಟಿಸಿದ ಪ್ರಖ್ಯಾತ ಲೇಖನದಲ್ಲಿ ವರ್ಣಿಸಿರುವ ಯಂತ್ರಕ್ಕೆ ಅಂಥ ತೆಗೆದಿಡಬಹುದಾದ ಚಿಕ್ಕ ಡಿಸ್ಕುಗಳು ನಾಲ್ಕು. ಒಂದೊಂದರಲ್ಲಿಯೂ 25 ಲಕ್ಷ ಬೈಟು ಹಿಡಿಯುತ್ತಿತ್ತು. ಅಜ್ಜನ ರೋಕಡದ ಒಂದು ಹಾಳೆಯನ್ನು ನಾನು ಕುಗ್ಗಿಸದೆ ಉಳಿಸಿದರೆ 26 ಮೆಗಾಬೈಟಿನಷ್ಟಾಗುತ್ತದೆ. ಅಂದರೆ ಆ ಒಂದು ಹಾಳೆಗೆ ಅವರ ಹತ್ತು ಡಿಸ್ಕುಗಳೂ ಸಾಲವು. ಇಷ್ಟು ಇಕ್ಕಟ್ಟಿನಲ್ಲಿಯೂ ಅವರು ಡಿಸ್ಕಿಗೊಂದು ಬಾಗಿಲೆಂದು ಮಾಡದೆ, ಮರದ ಒಂದು ಎಲೆಯಿದ್ದ ಸ್ಥಾನದಲ್ಲಿ ಇನ್ನೊಂದು ಡಿಸ್ಕಿನ ಮರವನ್ನೇ ಕಸಿಮಾಡಿದಂತೆ ಸೇರಿಸುವ ಉಪಾಯವನ್ನು ಕಂಡುಕೊಂಡರಲ್ಲ, ಅದನ್ನು ಓದಿದಾಗ ನನಗಾದ ಸಂತೋಷ ಚಿಕ್ಕದಲ್ಲ. ಕಸಿಯಾದ ಕೊಂಬೆಗೂ ಮೂಲದ ಕೊಂಬೆಗೂ ಬಳಸುವವನ ದೃಷ್ಟಿಯಲ್ಲಿ ಭೇದವಿರಕೂಡದೆಂಬುದು ಅವರ ಸಂಕಲ್ಪ. ಒಂದೇ ಒಂದು ಅಪವಾದವನ್ನು ಅವರು ಆಗಲೇ ಒಪ್ಪಿದ್ದರು: ಒಂದೇ ಕಡತಕ್ಕೆ ಎರಡು ಹೆಸರು ಕೊಡುವ ಕೊಂಡಿಯು ಒಂದು ಪಾಲಿನಿಂದ ಇನ್ನೊಂದು ಪಾಲಿಗೆ ದಾಟಲಾರದು.

ಆ ಅಪವಾದ ಇಂದಿಗೂ ಉಳಿದಿದೆ, ಅದರ ಕಾರಣವೂ ಸರಳವಾದದ್ದು. ಕಡತಗಳಿಗೆ ಒಳಗಿಂದೊಳಗೆ ಸಲ್ಲುವ ಐನೋಡ್ ಎಂಬ ಅಂಕಿಗಳನ್ನು ಪ್ರತಿಯೊಂದು ಪಾಲೂ ತನ್ನಷ್ಟಕ್ಕೆ ಎಣಿಸಿಕೊಳ್ಳುತ್ತದೆ. ಈ ಪಾಲಿನ ಅಂಕಿಗೆ ಆ ಪಾಲಿನಲ್ಲಿ ಬೇರೆ ಅರ್ಥ. ಅದೇ ಕಾರಣದಿಂದ, ಒಂದೇ ಪಾಲಿನೊಳಗೆ ಕಡತವೊಂದನ್ನು ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಸಾಗಿಸಿದರೆ, ಅದು ಎಷ್ಟೇ ದೊಡ್ಡದಿರಲಿ, ಕಣ್ಣೆವೆಯಿಕ್ಕುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಏಕೆಂದರೆ ಬದಲಾಗುವುದು ಹೆಸರಿನ ನಮೂದು ಮಾತ್ರ. ಬೇರೆ ಪಾಲಿಗೆ ಸಾಗಿಸುವಾಗಲಾದರೋ ಬೈಟು ಬೈಟಾಗಿ ಪ್ರತಿಮಾಡಿ ಆಮೇಲೆ ಮೂಲವನ್ನು ಅಳಿಸಬೇಕು. ಗೋಡೆಯು ಅಲ್ಲಿ ಇದ್ದೇ ಇದೆ. ಅದು ಕಣ್ಣಿಗೆ ಅಡ್ಡವಾಗದಂತೆ ಕಟ್ಟಿದ್ದಾರೆ, ಅಷ್ಟೆ.

ಈ ಮರದ ಕೊಂಬೆಗಳ ಹೆಸರುಗಳಿಗೂ ಚರಿತ್ರೆಯುಂಟು. ಯುಎಸ್ಆರ್ ಎಂಬ ಡೈರೆಕ್ಟರಿ ಮೊದಲಿಗೆ ಥಾಂಪ್ಸನ್, ರಿಚಿ ಮೊದಲಾದ ಬಳಕೆದಾರರ ಸ್ವಂತ ಕಡತಗಳಿಗಾಗಿ ಇದ್ದದ್ದು. ಮೊದಲ ಡಿಸ್ಕಿನಲ್ಲಿ ಎಡೆ ಸಾಲದೆ ವ್ಯವಸ್ಥೆಯ ಪ್ರೋಗ್ರಾಮುಗಳೂ ಅಲ್ಲಿಗೆ ಹರಿದುಬಂದು, ಕಡೆಗೆ ಅವೇ ಅದನ್ನು ತುಂಬಿಕೊಂಡವು, ಬಳಕೆದಾರರು ಹೋಮ್ ಎಂಬ ಬೇರೆ ಕೊಂಬೆಗೆ ತೆರಳಿದರು. ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಈ ಹೆಸರುಗಳನ್ನೆಲ್ಲ ಪಿತ್ರಾರ್ಜಿತವಾಗಿ ಪಡೆಯಿತು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಜೋಡಿಸತೊಡಗಿ ಗೊಂದಲವಾದಾಗ, ಯಾವುದು ಎಲ್ಲಿರತಕ್ಕದ್ದೆಂಬುದನ್ನು 1994ರ ಫೆಬ್ರವರಿಯಲ್ಲಿ ಒಂದು ಪ್ರಮಾಣವಾಗಿ ಬರೆದರು. ಅದರ 3.0 ಆವೃತ್ತಿಯು 2015ರಲ್ಲಿ ಹೊರಬಂತು. ಡಿಸ್ಕು ಚಿಕ್ಕದೆಂಬ ಒಂದೇ ಕಾರಣದಿಂದ ಎರಡಾಗಿದ್ದ, ಪ್ರೋಗ್ರಾಮುಗಳನ್ನಿಡುವ ಬಿನ್ ಡೈರೆಕ್ಟರಿಗಳನ್ನು 2012ರಲ್ಲಿ ಲಿನಕ್ಸಿನ ಒಂದು ವಿತರಣೆಯಾದ ಫೆಡೋರಾದವರು ಮತ್ತೆ ಒಂದುಗೂಡಿಸಿದರು. ಅಭಾವದಿಂದ ಆದ ಪಾಲು ಅಭಾವ ತೀರಿದ ಮೇಲೂ ಉಳಿದು, ಒಟ್ಟು ಸುಮಾರು 40 ವರ್ಷ ನಿಂತಿತ್ತು.

ನಾನು ಮಾಡಿದ ಪಾಲುಗಳನ್ನೂ ಹೇಳುತ್ತೇನೆ. ತಯಾರಕರ ಒಂದು ಟೆರಾಬೈಟು ಹತ್ತರ ಲೆಕ್ಕದ್ದು. ಯಂತ್ರವು ಅದನ್ನು ಎರಡರ ಲೆಕ್ಕದಿಂದ ಅಳೆದು ಸುಮಾರು 931 ಗಿಗಾಬೈಟೆಂದು ತೋರಿಸಿತು. ಅದರಲ್ಲಿ ಯಂತ್ರ ಎಚ್ಚರಗೊಳ್ಳುವಾಗ ಓದುವ ಚಿಕ್ಕ ಪಾಲಿಗೆ ಅರ್ಧ ಗಿಗಾಬೈಟು, ಬೇರಿಗೆ 40, ಸ್ಮೃತಿಯಲ್ಲಿ ಹಿಡಿಸದುದನ್ನು ಇಳಿಸಿಕೊಳ್ಳುವ ಸ್ವಾಪ್‌ಗೆ 8, ವಾರ್ ಎಂಬ ಡೈರೆಕ್ಟರಿಗೆ 20, ಹೋಮ್‌ಗೆ 600. ವಾರ್ ಎಂಬಲ್ಲಿ ಯಂತ್ರ ತನ್ನ ದಿನಚರಿಯನ್ನು ಬರೆದುಕೊಳ್ಳುತ್ತಿರುತ್ತದೆ. ಏನಾದರೊಂದು ಭಾಗ ಕೆಟ್ಟು ಒಂದೇ ದೂರನ್ನು ಕ್ಷಣಕ್ಷಣಕ್ಕೂ ಬರೆಯತೊಡಗಿದರೆ ಆ ದಿನಚರಿ ರಾತ್ರಿ ಬೆಳಗಾಗುವುದರೊಳಗೆ ಬೆಟ್ಟವಾಗಬಲ್ಲುದು, ಅದು ಬೇರಿನ ಪಾಲಿನಲ್ಲೇ ಇದ್ದರೆ ಬೇರನ್ನೂ ಉಸಿರುಕಟ್ಟಿಸಬಲ್ಲುದು. ಬೇರೆ ಪಾಲಾಗಿದ್ದರೆ ಪ್ರವಾಹ ಒಡ್ಡಿನ ಒಳಗೇ ನಿಲ್ಲುತ್ತದೆ. ಹೋಮ್ ಬೇರೆಯಾಗಿದ್ದರೆ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸುವಾಗಲೂ ನಮ್ಮ ಬರೆಹಗಳನ್ನು ಮುಟ್ಟಬೇಕಾಗುವುದಿಲ್ಲ; ಈ ಒಂದು ಪಾಲನ್ನು ಮಾತ್ರ ನಾನು ಎಲ್ಲರಿಗೂ ಸಲಹೆಮಾಡುತ್ತೇನೆ. ಉಳಿದುವನ್ನು ಕಂಡಕಂಡಂತೆ ಹೆಚ್ಚಿಸುವುದು ನನ್ನ ಅಭಿಪ್ರಾಯದಲ್ಲಿ ತರವಲ್ಲ, ಏಕೆಂದರೆ ಯಾವ ಕೋಣೆ ಎಷ್ಟು ಬೆಳೆಯುವುದೆಂಬುದನ್ನು ಮೊದಲ ದಿನವೇ ಬಲ್ಲವರಿಲ್ಲ. ಒಂದು ಪಾಲು ತುಂಬಿ ತುಳುಕುತ್ತಿರುವಾಗ ಪಕ್ಕದ ಪಾಲು ಬರಿದಾಗಿ ಬಿದ್ದಿರುವ ದೃಶ್ಯ ಅತಿಯಾಗಿ ಹಂಚಿದ ಯಂತ್ರಗಳಲ್ಲಿ ಸಾಮಾನ್ಯ. ಇಎಕ್ಸ್‌ಟಿ4 ಎಂಬ, ಪಾಲಿನೊಳಗೆ ಕಡತಗಳನ್ನು ಜೋಡಿಸಿಡುವ ಕಡತವ್ಯವಸ್ಥೆಯನ್ನು ಬಳಕೆಯಲ್ಲಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸುವುದಕ್ಕಾದರೆ ಮರದಿಂದ ಕೆಳಗಿಳಿಸಬೇಕು. ಹೆಚ್ಚಿಸುವುದು ಸುಲಭ, ಕಡಿಮೆಮಾಡುವುದು ಕಷ್ಟ. ಆದಕಾರಣ ಡಿಸ್ಕಿನ ಉಳಿದ ಭಾಗವನ್ನು ಯಾರ ಹೆಸರಿಗೂ ಬರೆಯದೆ ಬಯಲಾಗಿಯೇ ಬಿಟ್ಟೆನು. ಅಜ್ಜನ ಪುಸ್ತಕಗಳಿಗಾಗಿ ಬೇರೆ ಒಂದು ಡಿಸ್ಕನ್ನು, ಊರಿಗೂ ಒಯ್ಯಲು ಬರುವಂತಹುದನ್ನು, ತಂದು ಅದಕ್ಕೆ ಬೇರಿನ ಕೆಳಗೆಯೇ ರೋಕಡ ಎಂಬ ಡೈರೆಕ್ಟರಿಯನ್ನು ಸ್ಥಾನವಾಗಿ ಕೊಟ್ಟೆನು.

ಯಾವ ಪಾಲು ಯಾವ ಡೈರೆಕ್ಟರಿಯ ಮೇಲೆ ಕೂರಬೇಕೆಂಬುದನ್ನು ಇಟಿಸಿ ಎಂಬ ಡೈರೆಕ್ಟರಿಯೊಳಗೆ ಎಫ್ಎಸ್‌ಟ್ಯಾಬ್ ಎಂಬ ಕಡತದಲ್ಲಿ ಬರೆದಿಡುತ್ತಾರೆ. ಸಾಲಿಗೊಂದು ಪಾಲು, ಸಾಲಿನಲ್ಲಿ ಆರು ಅಂಕಣ: ಪಾಲಿನ ಗುರುತು, ಅದು ಕೂರತಕ್ಕ ಸ್ಥಾನ, ಕಡತವ್ಯವಸ್ಥೆಯ ಬಗೆ, ಷರತ್ತುಗಳು, ಹಳೆಯ ಪ್ರತಿತೆಗೆಯುವ ಪದ್ಧತಿಗೆ ಸಂಬಂಧಿಸಿದ ಒಂದು ಅಂಕಿ, ಕಡೆಗೆ ತಪಾಸಣೆಯ ಸರದಿ. ಸರದಿಯಲ್ಲಿ ಬೇರಿಗೆ 1, ಇತರರಿಗೆ 2. ಹಿಂದೆ ಮೊದಲನೆಯ ಅಂಕಣದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಡಿಸ್ಕುಗಳು ಕಾಣಿಸಿಕೊಂಡ ಕ್ರಮದ ಹೆಸರನ್ನೇ ಬರೆಯುತ್ತಿದ್ದರು. ಹೊಸ ಡಿಸ್ಕೊಂದು ಮುಂದಾಗಿ ಕಂಡರೆ ಹೆಸರುಗಳೆಲ್ಲ ಅದಲುಬದಲಾಗುತ್ತಿದ್ದವು. ಈಗ ಪ್ರತಿ ಕಡತವ್ಯವಸ್ಥೆಗೂ ಹುಟ್ಟಿನಲ್ಲಿಯೇ ದೊರೆಯುವ ಯುಯುಐಡಿ ಎಂಬ, ಸಾಮಾನ್ಯವಾಗಿ 36 ಅಕ್ಷರಗಳ, ಗುರುತನ್ನು ಬರೆಯುತ್ತಾರೆ. ಡಿಸ್ಕನ್ನು ಯಾವ ಕಿಂಡಿಗೆ ಸಿಕ್ಕಿಸಿದರೂ ಆ ಗುರುತು ಬದಲಾಗದು. ನಾನು ಈ ಸಾಲುಗಳನ್ನು ಬರೆಯುವಾಗ ಪ್ರತಿ ಅಕ್ಷರವನ್ನೂ ಎರಡು ಸಲ ನೋಡಿದೆನು. ರೋಕಡದ ಡಿಸ್ಕು ಹೊರಗಿನದಾದ್ದರಿಂದ, ಅದು ಇಲ್ಲದಿದ್ದರೂ ಯಂತ್ರ ನಿಲ್ಲದೆ ಮುಂದುವರಿಯಲೆಂದು ನೋಫೇಲ್ ಎಂಬ ಷರತ್ತನ್ನೂ ಸೇರಿಸಿದೆನು. ಆ ಮಾತಿಲ್ಲದಿದ್ದರೆ ಈಗಿನ ವ್ಯವಸ್ಥೆಗಳು ಸಾಮಾನ್ಯವಾಗಿ ಡಿಸ್ಕಿಗಾಗಿ 90 ಸೆಕೆಂಡು ಕಾದು, ಬಾರದಿದ್ದರೆ ಆಪತ್ಕಾಲದ ಸ್ಥಿತಿಗಿಳಿದು ನಿಂತುಬಿಡುತ್ತವೆ. ಆ ಒಂದು ಪದ ಮುಂದೆ ನನ್ನನ್ನು ಎಂತಹ ದುಃಖಕ್ಕೆ ಈಡುಮಾಡುವುದೆಂದು ಆಗ ತಿಳಿದಿರಲಿಲ್ಲ.

ಮಳೆಗಾಲದ ಒಂದು ಶನಿವಾರ ಮತ್ತು ಭಾನುವಾರ, ಎರಡು ದಿನವೂ ಮೇಜು ಬಿಟ್ಟೇಳದೆ, ಕೀಲಕ ಸಂವತ್ಸರದ ಪುಸ್ತಕವನ್ನು ಆದ್ಯಂತವಾಗಿ ಸ್ಕ್ಯಾನ್ ಮಾಡಿದೆನು. ಕೀಲಕವೆಂದರೆ 1968, ಹಾಳೆಗಳು ಹಪ್ಪಳದಂತಾಗಿದ್ದು, ಮಗುಚಿದಲ್ಲಿ ಅಂಚು ಉದುರುತ್ತಿತ್ತು. ಆ ಪುಸ್ತಕವನ್ನು ಎರಡನೆಯ ಸಲ ಬಿಚ್ಚಲಾಗದೆಂದು ಕೆಲಸ ಮುಗಿಸುವಾಗಲೇ ನನಗೆ ಗೊತ್ತಿತ್ತು. ಸೋಮವಾರ ಯಂತ್ರವನ್ನು ಎಬ್ಬಿಸಿ ರೋಕಡದೊಳಗೆ ನೋಡಿದರೆ, ಉಳಿದ ಸಂವತ್ಸರಗಳೆಲ್ಲ ಇವೆ, ಕೀಲಕ ಇಲ್ಲ. ಹೆಸರು ತಪ್ಪಿರಬಹುದೆಂದು ಹುಡುಕಿದೆನು, ಕಸದ ಬುಟ್ಟಿಯಲ್ಲಿ ನೋಡಿದೆನು. ಒಂದು ಹಾಳೆಯ ಸುಳಿವೂ ಇಲ್ಲ. ಅಜ್ಜನ ಒಂದು ವರ್ಷವನ್ನು ನನ್ನ ಕೈಯಾರೆ ಕಳೆದೆನೆಂಬ ಭಾವನೆಯಿಂದ ನಾಲ್ಕಾರು ದಿನ ಆ ಮೇಜಿನ ಬಳಿಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ಕಾಣಿಸಿತು. ಬೇರಿನ ಪಾಲಿನಲ್ಲಿ ಸ್ಥಳ ತೀರುತ್ತ ಬಂದಿದೆಯೆಂದು ಯಂತ್ರ ಎಚ್ಚರಿಸತೊಡಗಿತು. ಪಾಲಿನ ಒಟ್ಟು ಲೆಕ್ಕವನ್ನು ಹೇಳುವ ಡಿಎಫ್ ಎಂಬ ಆದೇಶ ಒಂದು ಮೊತ್ತವನ್ನು ಹೇಳುತ್ತದೆ. ಡೈರೆಕ್ಟರಿಗಳನ್ನು ಒಂದೊಂದಾಗಿ ಹೊಕ್ಕು ಕಡತಗಳನ್ನು ಕೂಡಿಸಿ ಹೇಳುವ ಡಿಯು ಎಂಬ ಆದೇಶ ಅದಕ್ಕಿಂತ ನಾಲ್ಕು ಗಿಗಾಬೈಟಿನಷ್ಟು ಕಡಿಮೆ ಹೇಳುತ್ತದೆ. ಅಜ್ಜನಿಗೆ ರೋಕಡದ ಮೊತ್ತಕ್ಕೂ ಪೆಟ್ಟಿಗೆಯ ಹಣಕ್ಕೂ ಒಂದಾಣೆಯ ವ್ಯತ್ಯಾಸ ಬಂದರೆ ಅದು ಸಿಕ್ಕುವವರೆಗೆ ದೀಪವಾರಿಸುತ್ತಿರಲಿಲ್ಲವೆಂದು ತಂದೆಯವರು ಹೇಳುತ್ತಿದ್ದರು. ನಾನೂ ಆ ರಾತ್ರಿ ದೀಪವಾರಿಸಲಿಲ್ಲ. ಲೆಕ್ಕದಲ್ಲಿದ್ದು ಕಣ್ಣಿಗೆ ಕಾಣದ ನಾಲ್ಕು ಗಿಗಾಬೈಟು ಎಲ್ಲಿರಬಹುದೆಂದು ಯೋಚಿಸುತ್ತ ಕುಳಿತಿದ್ದಾಗ, ಮೌಂಟ್ ಮಾಡುವುದೆಂದರೆ ಡೈರೆಕ್ಟರಿಯ *ಮೇಲೆ* ಕೂರಿಸುವುದು ಎಂಬ ಮಾತು, ಎಷ್ಟೋ ಸಲ ಓದಿಯೂ ಅರ್ಥಮಾಡಿಕೊಳ್ಳದೆ ದಾಟಿಹೋಗಿದ್ದ ಮಾತು, ಮನಸ್ಸಿನಲ್ಲಿ ಎದ್ದು ನಿಂತಿತು.

ಖಾಲಿಯಲ್ಲದ ಡೈರೆಕ್ಟರಿಯ ಮೇಲೆ ಪಾಲೊಂದನ್ನು ಕೂರಿಸಿದರೆ ಅದರೊಳಗೆ ಮೊದಲಿದ್ದ ಕಡತಗಳು ನಾಶವಾಗುವುದಿಲ್ಲ, ಮರೆಯಾಗುತ್ತವೆ. ಮೇಲಿನದನ್ನು ಇಳಿಸುವವರೆಗೆ ಅವುಗಳಿಗೆ ದಾರಿಯಿಲ್ಲ. ಅವು ಹಿಡಿದ ಸ್ಥಳ ಮಾತ್ರ ಹಿಡಿದೇ ಇರುತ್ತದೆ. ಆ ಶನಿವಾರ ಬೆಳಗ್ಗೆ ರೋಕಡದ ಡಿಸ್ಕಿನ ತಂತಿ ಸರಿಯಾಗಿ ಕೂತಿರಲಿಲ್ಲ. ನೋಫೇಲ್ ಎಂದು ಬರೆದಿದ್ದರಿಂದ ಯಂತ್ರ ನಿಲ್ಲದೆ ಮುಂದುವರಿದಿತ್ತು. ನಾನು ರೋಕಡದೊಳಗೆ ನೋಡದೆಯೇ ಕೆಲಸಕ್ಕೆ ತೊಡಗಿದ್ದೆನು. ಎರಡು ದಿನದ ಹಾಳೆಗಳೆಲ್ಲ ಬೇರಿನ ಪಾಲಿನಲ್ಲಿದ್ದ ಆ ಬರಿದಾದ ಡೈರೆಕ್ಟರಿಯಲ್ಲಿ ಸೇರಿದ್ದವು. ಸೋಮವಾರ ತಂತಿ ಕೂತಿತು, ಡಿಸ್ಕು ಬಂತು, ಬಂದು ಅವುಗಳ ಮೇಲೆ ಕುಳಿತಿತು. ಮೇಲಿನದನ್ನು ಇಳಿಸದೆಯೂ ಕೆಳಗನ್ನು ನೋಡುವ ಉಪಾಯವುಂಟು: ಬೈಂಡ್ ಎಂಬ ಬಗೆಯ ಮೌಂಟಿನಿಂದ ಬೇರನ್ನೇ ಇನ್ನೊಂದು ಡೈರೆಕ್ಟರಿಯಲ್ಲಿ ಎರಡನೆಯ ಸಲ ತೋರಿಸಿಕೊಳ್ಳಬಹುದು, ಆ ಎರಡನೆಯ ನೋಟದಲ್ಲಿ ಬೇರಿನ ಪಾಲು ಮಾತ್ರ ಇರುತ್ತದೆ, ಅದರ ಮೇಲೆ ಕೂತವು ಇರುವುದಿಲ್ಲ. ಹಾಗೆ ಮಾಡಿ ರೋಕಡವನ್ನು ಹೊಕ್ಕಾಗ, ಕೀಲಕ ಸಂವತ್ಸರ ಯುಗಾದಿಯಿಂದ ಫಾಲ್ಗುಣದವರೆಗೆ ಒಂದು ಹಾಳೆಯೂ ತಪ್ಪದೆ ಅಲ್ಲಿತ್ತು. ಗಂಟೆ ಎರಡಾಗಿತ್ತು. ಮನೆಯವರನ್ನು ಎಬ್ಬಿಸಿ ಹೇಳಿದೆನು.

ಅಂದಿನಿಂದ ಒಂದು ಪದ್ಧತಿಯನ್ನು ಪಾಲಿಸುತ್ತಿದ್ದೇನೆ. ಡಿಸ್ಕು ಕೂರತಕ್ಕ ಡೈರೆಕ್ಟರಿಯನ್ನು, ಅದರ ಮೇಲೆ ಏನೂ ಇಲ್ಲದಿರುವಾಗ, ಚಾಟ್ರ್ ಎಂಬ ಆದೇಶದಿಂದ ಅಚಲವೆಂದು ಗುರುತುಮಾಡಿ ಮುಚ್ಚಿಡುತ್ತೇನೆ. ಆಗ ಅದರೊಳಗೆ ಯಾರೂ ಏನನ್ನೂ ಬರೆಯಲಾರರು. ಡಿಸ್ಕು ಬಂದು ಕೂರುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಈ ಒಂದು ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯದು.

ಕೂರಿಸುವುದಕ್ಕಿಂತ ಇಳಿಸುವುದರಲ್ಲಿ ಹೆಚ್ಚು ತಾಳ್ಮೆ ಬೇಕು. ಬರೆದೆನೆಂದು ಯಂತ್ರ ಹೇಳಿದ ಮಾತ್ರಕ್ಕೆ ಅದು ಡಿಸ್ಕಿಗೆ ಮುಟ್ಟಿದೆಯೆಂದು ಅರ್ಥವಲ್ಲ. ಸ್ಮೃತಿಯಲ್ಲಿ ಕೂಡಿಟ್ಟುಕೊಂಡು ಸಮಯ ನೋಡಿ ಇಳಿಸುವುದು ಅದರ ರೀತಿ. ಯುಮೌಂಟ್ ಎಂಬ ಆದೇಶ ಕೊಟ್ಟಾಗ ಈ ಬಾಕಿಯೆಲ್ಲ ಚುಕ್ತವಾಗಿ, ಆಮೇಲೆ ಡಿಸ್ಕು ಬಿಡುಗಡೆಯಾಗುತ್ತದೆ. ಅದರೊಳಗಿನ ಒಂದು ಕಡತವನ್ನು ಯಾವುದಾದರೂ ಪ್ರೋಗ್ರಾಮು ತೆರೆದುಕೊಂಡಿದ್ದರೆ ವ್ಯವಸ್ಥೆ ಒಪ್ಪುವುದೇ ಇಲ್ಲ. ಅಕಸ್ಮಾತ್ತಾಗಿ ವಿದ್ಯುತ್ತು ಹೋದರೆ ಹೇಗೆಂಬುದಕ್ಕೂ ಏರ್ಪಾಡುಂಟು, ಆ ಏರ್ಪಾಡು ಅಜ್ಜನದೇ: ಅವರು ವ್ಯವಹಾರವನ್ನು ಮೊದಲು ಚಿಟ್ಟಾದಲ್ಲಿ ಗುರುತುಹಾಕಿಕೊಂಡು ಆಮೇಲೆ ಖಾತೆಗೆ ಏರಿಸುತ್ತಿದ್ದರು. 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3 ಕಡತವ್ಯವಸ್ಥೆಯೂ ಹಾಗೆಯೇ, ಮಾಡಲಿರುವ ಬದಲಾವಣೆಯನ್ನು ಜರ್ನಲ್ ಎಂಬ ಚಿಟ್ಟಾದಲ್ಲಿ ಬರೆದ ಮೇಲೆ ತನ್ನ ಲೆಕ್ಕದ ಪಟ್ಟಿಗಳಿಗೆ ಏರಿಸುತ್ತದೆ. ನಡುವೆ ದೀಪ ಹೋದರೆ, ಮತ್ತೆ ಎಚ್ಚರವಾದಾಗ ಚಿಟ್ಟಾ ನೋಡಿ ಸರಿಪಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅಲ್ಲಿ ಬರೆಯುವುದು ಕಡತದ ಒಳಗಿನ ವಿಷಯವನ್ನಲ್ಲ, ಹೆಸರು ಗಾತ್ರ ಸ್ಥಾನಗಳ ಲೆಕ್ಕವನ್ನು ಮಾತ್ರ ಎಂಬುದನ್ನು ಮರೆಯಲಾಗದು.

ಸಂವತ್ಸರಗಳ ಹೆಸರನ್ನು ಡೈರೆಕ್ಟರಿಗಳಿಗೆ ಕನ್ನಡದಲ್ಲಿಯೇ ಇಟ್ಟಿದ್ದೇನೆ. ಅಕಾರಾದಿಯಾಗಿ ಜೋಡಿಸಿದರೆ ಕಾಲಕ್ರಮ ತಪ್ಪುವುದರಿಂದ ಇಸವಿಯನ್ನು ಮುಂದಿಟ್ಟು 1950-ವಿಕೃತಿ, 1953-ವಿಜಯ ಎಂದು ಬರೆದೆನು. ಇಎಕ್ಸ್‌ಟಿ4ರಲ್ಲಿ ಒಂದು ಹೆಸರು 255 ಬೈಟನ್ನು ಮೀರಬಾರದು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟಾದರೆ, ಯುಟಿಎಫ್-8 ಎಂಬ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ, ಗುಣಿತದ ಕೊಂಬು ಗುಡಿಸುಗಳಿಗೂ ಬೇರೆ ಬೇರೆಯಾಗಿ, ಮೂರು ಮೂರು ಬೈಟು. ಆದ್ದರಿಂದ ನಮಗೆ ಸಲ್ಲುವುದು 85 ಚಿಹ್ನೆಗಳು. ವಿಕೃತಿ ಎಂಬುದಕ್ಕೆ ಆರು ಚಿಹ್ನೆ, 18 ಬೈಟು. 85 ನನಗೆ ಸಾಕಾಗಿದೆ. ಈ ಯುಟಿಎಫ್-8 ಸಂಕೇತವನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್ ಎಂದು ತಿಳಿದ ದಿನ ಬಹಳ ಹೊತ್ತು ಅದನ್ನೇ ನೆನೆಯುತ್ತಿದ್ದೆನು. ಆ ಮರವನ್ನು ನೆಟ್ಟವರಲ್ಲಿ ಒಬ್ಬರ ಕೈಯೇ, ಎರಡು ದಶಕದ ಮೇಲೆ, ಅದರ ಎಲೆಗಳ ಮೇಲೆ ನಮ್ಮ ಅಕ್ಷರ ಬರೆಯಲು ಬರುವಂತೆ ಮಾಡಿತ್ತು.

ಹೋದ ವರ್ಷ ಚಿಕ್ಕಪ್ಪನವರ ಮಗ ನಮ್ಮ ಮನೆಗೆ ಬಂದನು. ಕೀಲಕದ ಕತೆಯನ್ನು ಕೇಳಿದಂದಿನಿಂದ ಅವನಿಗೂ ಆ ಕೆಲಸದ ಮೇಲೆ ಮನಸ್ಸಾಗಿ, ನಾನು ಇಎಕ್ಸ್‌ಟಿ4 ಮಾಡಿ ಅಣಿಗೊಳಿಸಿ ಕೊಟ್ಟ ಡಿಸ್ಕಿನಲ್ಲಿ, ನಾನು ಹೇಳಿದಂತೆಯೇ ಹೆಸರಿಟ್ಟು, ಗೋಡೆಯ ಆಚೆಯ 14 ಪುಸ್ತಕಗಳನ್ನೂ ಒಂದೂವರೆ ವರ್ಷದಲ್ಲಿ ಸ್ಕ್ಯಾನ್ ಮಾಡಿ ಮುಗಿಸಿದ್ದನು. ಟವಲಿನಲ್ಲಿ ಸುತ್ತಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟು, "ಅಣ್ಣಾ, ಇದು ನಮ್ಮ ಕಡೆಯದು" ಎಂದನು. ಅದನ್ನು ಒಂದು ಡೈರೆಕ್ಟರಿಯ ಮೇಲೆ ಕೂರಿಸಿದೆನು. ಆ ಪಕ್ಕದಲ್ಲಿ 14, ಈ ಪಕ್ಕದಲ್ಲಿ 17. ನನ್ನದಕ್ಕೆ ಪ್ರತಿಮಾಡಿ ಸೇರಿಸಿಬಿಡಬಹುದಾಗಿತ್ತು. ಅವನೂ ಹಾಗೆಯೇ ಹೇಳಿದನು. ಆದರೆ 2014ರ ಡಿಸೆಂಬರಿನಲ್ಲಿ ಹೊರಬಂದ 3.18ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿಯೇ ಇರುವ ಓವರ್‌ಲೇ ಎಂಬ ಇನ್ನೊಂದು ಬಗೆಯ ಮೌಂಟನ್ನು ಅವನಿಗೆ ತೋರಿಸಬೇಕೆಂದು ನನಗೆ ಆಸೆ. ಅದು ಎರಡು ಡೈರೆಕ್ಟರಿಗಳನ್ನು, ಅವು ಬೇರೆ ಬೇರೆ ಡಿಸ್ಕಿನವಾಗಿದ್ದರೂ, ಒಂದರ ಮೇಲೊಂದು ಹಾಸಿ ಒಂದೇ ಎಂಬಂತೆ ತೋರಿಸುತ್ತದೆ. ಓದುವುದಕ್ಕೆ ಮಾತ್ರ ಎಂದು ಹಾಸಿದರೆ ಯಾವ ಡಿಸ್ಕಿನಲ್ಲಿಯೂ ಒಂದು ಬೈಟೂ ಬದಲಾಗುವುದಿಲ್ಲ. ಬೇರಿನ ಕೆಳಗೆ ಅಜ್ಜ ಎಂಬ ಡೈರೆಕ್ಟರಿಯನ್ನು ಮಾಡಿ, ಎರಡು ಕಡೆಯ ದಾರಿಗಳನ್ನೂ ಬರೆದು, ಆದೇಶ ಕೊಟ್ಟೆನು.

ಪಟ್ಟಿ ತೆಗೆದಾಗ 31 ಸಾಲುಗಳು ಬಂದವು. 1950-ವಿಕೃತಿ, 1951-ಖರ, 1952-ನಂದನ, 1953-ವಿಜಯ, 1954-ಜಯ, ಹೀಗೆ 1980-ರೌದ್ರಿಯವರೆಗೆ. ಯಾವ ಸಾಲು ಯಾವ ಡಿಸ್ಕಿನದೆಂದು ನೋಟಕ್ಕೆ ತಿಳಿಯುತ್ತಿರಲಿಲ್ಲ. ಅವನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ವಿಜಯದ ಕಡೆಯ ಹಾಳೆಯನ್ನು ತೆರೆದು, ಅಲ್ಲಿ ಅಜ್ಜ ಮುಂದಕ್ಕೆ ಒಯ್ದಿದ್ದ ಶಿಲ್ಕನ್ನು ಓದಿದನು; ಆಮೇಲೆ ಜಯದ ಮೊದಲ ಹಾಳೆಯನ್ನು ತೆರೆದು ಅಲ್ಲಿಯ ಶಿಲ್ಕನ್ನು ಓದಿದನು. ತಾಳೆಯಾಯಿತು. ಊಟಕ್ಕೆ ಕರೆಯುವವರೆಗೂ ಇಬ್ಬರೂ ವರ್ಷ ವರ್ಷದ ಕೊನೆಯನ್ನು ಮುಂದಿನ ವರ್ಷದ ಆರಂಭಕ್ಕೆ ಹೊಂದಿಸಿ ನೋಡುತ್ತಿದ್ದೆವು. ಸಂಜೆ ಅವನು ಬಸ್ಸಿಗೆ ಹೊರಡುವ ಮುಂಚೆ ಮೊದಲು ಅಜ್ಜನನ್ನೂ, ಆಮೇಲೆ ಅವನ ಡಿಸ್ಕನ್ನೂ ಇಳಿಸಿ, ಬಾಕಿಯೇನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಟವಲಿನಲ್ಲಿ ಮೊದಲಿನಂತೆಯೇ ಸುತ್ತಿ ಅವನ ಕೈಗೆ ಕೊಟ್ಟೆನು.